ಡಿಸ್ಟ್ರಿಬ್ಯೂಟರ್ ಮೇಲಿನ ಕೆಂಪು ಗೀಟು

ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಕಾರನ್ನು ಸರ್ವಿಸಿಗೆ ಬಿಡಲು ಅವಳ ಜೊತೆ ಶಿವಮೊಗ್ಗದ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿದ್ದ ಮೆಕ್ಯಾನಿಕ್ಕು ಸ್ಟಿಯರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಕಂಪ್ಯೂಟರಿನ ಪರದೆಯ ಮೇಲೆ ನನಗೊಂದು ಕೋಷ್ಟಕ ತೋರಿಸಿದ. ಉದ್ದಕ್ಕೂ ಅಡ್ಡಕ್ಕೂ ಮನೆಗಳು, ಮನೆಮನೆಗೂ ಒಂದೊಂದು ಅಂಕಿ. ನಾನು ಹಳೆಯ ಡ್ರೈವರ್ ಎಂದು ಮೊಮ್ಮಗಳು ಹೇಳಿದ್ದಳು. ಅದಕ್ಕೇ ಅವನಿಗೆ ಉತ್ಸಾಹ.

"ಇದು ಟರ್ಬೊ ಎಂಜಿನ್ ಅಜ್ಜಾ. ಗಾಳಿನ ಒತ್ತಿ ಒತ್ತಿ ಒಳಗೆ ತುಂಬುತ್ತೆ. ಒತ್ತಡ ಏರಿದ ಹಾಗೆ ಪ್ಲಗ್ಗಿನ ಕಿಡಿ ತಡವಾಗ್ತಾ ಹೋಗ್ಬೇಕು. ಎಂಜಿನ್ ಕಂಪ್ರೆಷನ್ ಎಷ್ಟಿದೆ ನೋಡ್ಕೊಂಡು, ಅದಕ್ಕೆ ಹೊಂದಿಸಿ ಈ ಕೋಷ್ಟಕ ಬರೆದಿರ್ತಾರೆ."

"ಹೊಂದದೆ ಹೋದರೆ?"

"ನಾಕಿಂಗ್ ಬರುತ್ತೆ, ಒಳಗೆ ಬಡಿಯೋ ಸದ್ದು. ಆದ್ರೆ ಶುರುವಾದ ಕೂಡ್ಲೇ ಇದು ತಿಳ್ಕೊಳ್ಳುತ್ತೆ. ಎಂಜಿನ್ನಿಗೇ ಒಂದು ಕಿವಿ ಇಟ್ಟಿದಾರೆ ಅನ್ಕೊಳ್ಳಿ."

"ಯಾರಾದರೂ ಈ ಕೋಷ್ಟಕ ತಿದ್ದಿಬಿಟ್ಟರೆ?"

"ಸಿಕ್ಕಿಹಾಕ್ಕೊಳ್ತಾರೆ ಅಜ್ಜಾ. ಮುಟ್ಟಿದ್ದೆಲ್ಲ ಇದರಲ್ಲಿ ದಾಖಲಾಗಿರುತ್ತೆ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಈ ವಿದ್ಯೆಯನ್ನು ಕೋಷ್ಟಕವಿಲ್ಲದೆ, ಬರೀ ಕಿವಿಯಿಂದ ಬಲ್ಲವರೊಬ್ಬರು ಶಿಕಾರಿಪುರದಲ್ಲಿದ್ದರು. ಅವರು ಇಟ್ಟ ಲೆಕ್ಕವನ್ನು ತಿದ್ದಿದವನು ನಾನು. ನಾನು ಸಿಕ್ಕಿಹಾಕಿಕೊಳ್ಳಲಿಲ್ಲ.

ಅದು ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಿಂದ ಸೊರಬಕ್ಕೆ ಓಡುವ ಖಾಸಗಿ ಬಸ್ಸಿಗೆ ನಾನು ಡ್ರೈವರ್. ಬೆಳಿಗ್ಗೆ ಹೊರಟು, ಶಿರಾಳಕೊಪ್ಪ ಹಾದು ಸೊರಬ ಮುಟ್ಟಿ, ವಾರದಲ್ಲಿ ಎರಡು ದಿನ ಅಲ್ಲಿಂದ ಮುಂದೆ ಚಂದ್ರಗುತ್ತಿಯವರೆಗೆ ಹೋಗಿಬರುವ ಪೆಟ್ರೋಲ್ ಬಸ್ಸು. ಆರು ವರ್ಷ ಅದೇ ಬಸ್ಸಿನಲ್ಲಿ ಕ್ಲೀನರ್ ಆಗಿ ಟಯರ್ ಹೊತ್ತು, ಟಾಪಿನ ಮೇಲೆ ಭತ್ತದ ಚೀಲ ಏರಿಸಿ, ಆಮೇಲೆ ಲೈಸೆನ್ಸ್ ಮಾಡಿಸಿಕೊಂಡು ಸ್ಟಿಯರಿಂಗ್ ಹಿಡಿದವನು. ಎರಡು ವರ್ಷವಷ್ಟೇ ಆಗಿತ್ತು. ಆ ಸೀಟಿನ ಮೇಲೆ ನನಗಿದ್ದ ಪ್ರೀತಿ ಸಣ್ಣದಲ್ಲ. ಉಡುತಡಿಯ ಹತ್ತಿರ ಗದ್ದೆಯಲ್ಲಿದ್ದವರು ಬಗ್ಗಿದ ಬೆನ್ನು ಎತ್ತಿ ಬಸ್ಸು ನೋಡಿದರೆ, ಅವರು ನನ್ನನ್ನೇ ನೋಡುತ್ತಿದ್ದಾರೆ ಎಂದು ನಂಬಿದ್ದೆ.

ಬಸ್ಸಿನ ಎಂಜಿನ್ ನೋಡಿಕೊಳ್ಳುತ್ತಿದ್ದವರು ಒಬ್ಬ ಮುಸಲ್ಮಾನ ಮಿಸ್ತ್ರಿ. ಐವತ್ತು ದಾಟಿದ್ದರು. ಊರಿಗೆಲ್ಲ ಅವರು ಸಾಬರು, ಎದುರಿಗೆ ಸಾಬ್ರೇ. ಕೆರೆ ಏರಿಯ ಬದಿಗೆ ಅವರದೊಂದು ತಗಡಿನ ಶೆಡ್ಡು. ತಂದೆಯವರ ಕಾಲದಲ್ಲಿ ಅಲ್ಲಿ ಗಾಡಿಯ ಚಕ್ರಕ್ಕೆ ಪಟ್ಟಿ ಬಡಿಯುತ್ತಿದ್ದರಂತೆ. ಸಾಬರು ಎಂಜಿನ್ ಕಲಿತದ್ದು ಎಲ್ಲಿ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ "ಎಂಜಿನ್ ಹತ್ರನೇ ಕಲ್ತೆ" ಎನ್ನುತ್ತಿದ್ದರು. ಅದರಲ್ಲಿ ಜಂಬವೇನೂ ಇರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದರು.

ಒಮ್ಮೆ ಮಾರ್ಚಿನ ಬಿಸಿಲಿನಲ್ಲಿ, ಜನ ತುಂಬಿಕೊಂಡು ಚಂದ್ರಗುತ್ತಿಯ ಏರು ಹತ್ತುವಾಗ ಎಂಜಿನ್ ಕಾದು ನೀರೆಲ್ಲ ಉಕ್ಕಿಹೋಯಿತು. ಎಂಜಿನ್ನಿನ ತಲೆಯ ಮೇಲಿನ ದಪ್ಪ ಮುಚ್ಚಳ, ಅಂದರೆ ಹೆಡ್ಡು, ಸೊಟ್ಟಗಾಯಿತು. ಅದನ್ನು ದಾವಣಗೆರೆಗೆ ಕಳಿಸಿ ಲೇತಿನಲ್ಲಿ ತಳ ಕೆತ್ತಿಸಿ ಮಟ್ಟ ಮಾಡಿಸಿದರು. ಬಂದದ್ದು ಮೊದಲಿಗಿಂತ ತೆಳ್ಳಗಿತ್ತು. ಸಾಬರು ಅದನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಅಂಚು ಅಳೆದರು.

"ತಮ್ಮಾ, ಹೆಡ್ಡು ತೆಳ್ಳಗಾತು. ಒಳಗಿನ ಜಾಗ ಕಮ್ಮಿ ಆತು. ಅಂದ್ರೆ ಕಂಪ್ರೆಷನ್ ಜಾಸ್ತಿ ಆತು. ಇನ್ನು ಕಿಡಿ ಬೀಳೋ ಹಳೇ ಟೈಮಿಂಗ್ ನಡಿಯಂಗಿಲ್ಲ."

"ಯಾಕ್ರೀ ಸಾಬ್ರೇ?"

"ಸಂತೆ ದಿನ ಬಸ್ನಾಗೆ ಜನ ಒತ್ಕೊಂಡು ನಿಂತಿರ್ತಾರಲ್ಲ, ಮುಂದಿನ ಸೀಟಿನೋರು ಒಂದ್ ಮಾತು ಆಡಿದ್ರೆ ಹಿಂದಿನ ಸೀಟಿಗೆ ಎಷ್ಟು ಬೇಗ ಮುಟ್ಟತೈತೆ? ಖಾಲಿ ಬಸ್ನಾಗೆ ಮುಟ್ಟತೈತಾ? ಪೆಟ್ರೋಲ್ ಗಾಳೀನೂ ಹಂಗೇ. ಒತ್ತಿದಷ್ಟೂ ಬೆಂಕಿ ಬೇಗ ಹಬ್ಬತೈತೆ. ಬೇಗ ಹಬ್ಬೋದನ್ನ ತಡವಾಗಿ ಹಚ್ಚಬೇಕು. ಮೊದ್ಲೇ ಹಚ್ಚಿದ್ರೆ, ಪಿಸ್ಟನ್ ಇನ್ನೂ ಮ್ಯಾಲೆ ಬರ್ತಾ ಇರೋವಾಗ್ಲೇ ಅದರ ತಲೆ ಮ್ಯಾಲೆ ಗುದ್ದತೈತೆ."

ನಾನು ಈವರೆಗೆ ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ಚೆನ್ನಾದದ್ದಿಲ್ಲ. ಶಿವಮೊಗ್ಗದವನ ಕೋಷ್ಟಕವೂ ಹೇಳುತ್ತಿದ್ದದ್ದು ಇದನ್ನೇ.

ಆ ಗುದ್ದಿನ ಸದ್ದಿಗೆ ಎಲ್ಲರೂ ನಾಕಿಂಗ್ ಎಂದರೆ ಸಾಬರು ಗೆಜ್ಜೆ ಎನ್ನುತ್ತಿದ್ದರು. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ನಿನ ಒಳಗಿನಿಂದ ಸಣ್ಣಗೆ, ಕಿಣಿಕಿಣಿ ಎಂದು ಬರುವ ಸದ್ದು ಅದು. ಟೈಮಿಂಗ್ ಇಡಲು ಅವರದೊಂದು ಪದ್ಧತಿಯಿತ್ತು. ಬಸ್ಸಿಗೆ ಭತ್ತದ ಚೀಲ ಹೇರಿಸಿ, ಚಂದ್ರಗುತ್ತಿಯ ಏರಿಗೆ ಒಯ್ಯಿಸುವುದು. ಎಂಜಿನ್ನಿನ ಪಕ್ಕದ ತಗಡು ಬಿಚ್ಚಿ ತಾವು ಮಡ್‌ಗಾರ್ಡ್ ಮೇಲೆ ಕುಳಿತು, ಒಂದು ಕೈಯಲ್ಲಿ ದೀಪದ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಡಿಸ್ಟ್ರಿಬ್ಯೂಟರ್ ಮೇಲೆ ಇಡುವುದು. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಆ ಡಬ್ಬಿಯನ್ನು ಒಂದು ಕಡೆಗೆ ತಿರುಗಿಸಿದರೆ ಕಿಡಿ ಮುಂಚೆ, ಇನ್ನೊಂದು ಕಡೆಗೆ ತಿರುಗಿಸಿದರೆ ತಡ. ಗೆಜ್ಜೆ ಕೇಳುವವರೆಗೆ ಮುಂದಕ್ಕೆ ತಿರುಗಿಸಿ, ಕೇಳಿದೊಡನೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ. ಅಲ್ಲಿಗೆ ಮುಗಿಯಿತು. ಹೆಡ್ಡು ಕೂರಿಸಿ ಏರಿಗೆ ಒಯ್ದ ದಿನ ಅವರು "ನಿಂತು, ನಿಂತು" ಎಂದು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ನನಗೆ "ನಿಲ್ಲು" ಎಂದು ಕೇಳಿಸಿ, ಬಸ್ಸು ನಿಲ್ಲಿಸಿಬಿಟ್ಟೆ. ಅವರು ಹೇಳಿದ್ದು ಗೆಜ್ಜೆ ನಿಂತಿತು ಎಂದು. ಇಬ್ಬರೂ ನಕ್ಕೆವು.

ಶೆಡ್ಡಿಗೆ ಬಂದ ಮೇಲೆ ಕೆಂಪು ಬಣ್ಣದಲ್ಲಿ ತೆಂಗಿನ ಕಡ್ಡಿ ಅದ್ದಿ ಒಂದು ಗೀಟು ಎಳೆದರು. ಗೀಟಿನ ಅರ್ಧ ಡಿಸ್ಟ್ರಿಬ್ಯೂಟರ್ ಮೇಲೆ, ಇನ್ನರ್ಧ ಎಂಜಿನ್ನಿನ ಮೈಮೇಲೆ. ಯಾರಾದರೂ ತಿರುಗಿಸಿದರೆ ಗೀಟು ಮುರಿದು ಎರಡಾಗುತ್ತದೆ. ಅದು ಅವರ ರುಜು. ಬಸ್ಸಿನ ಮಾಲೀಕರು ಎಲ್ಲರ ಎದುರಿಗೇ ಹೇಳಿದ್ದರು: "ಸಾಬ್ರ ಗೀಟು ಮುಟ್ಟಿದವನು ಅವತ್ತೇ ಮನೆಗೆ."

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಸ್ಟ್ಯಾಂಡಿನಲ್ಲಿ ಒಂದು ರೂಢಿ ಬೆಳೆದಿತ್ತು. ಹಬ್ಬದ ಹಿಂದಿನ ದಿನ ಪ್ರತಿಯೊಬ್ಬ ಡ್ರೈವರೂ ಎಂಜಿನ್ನನ್ನು ಉಜ್ಜಿ ತೊಳೆದು, ಮರುದಿನ ಬಾನೆಟ್ಟು ಎತ್ತಿಟ್ಟು ಪ್ರದರ್ಶನಕ್ಕೆ ನಿಲ್ಲಿಸುವುದು. ಹಬ್ಬಕ್ಕೆ ಬಸ್ಸು ತೊಳೆಯುವುದು ಎಲ್ಲ ಕಡೆ ಇದ್ದದ್ದೇ. ಎಂಜಿನ್ನಿನಲ್ಲಿ ಮುಖ ಕಾಣುವಂತೆ ಉಜ್ಜುವ ಹುಚ್ಚು ಮಾತ್ರ ನಮ್ಮದು. ಗೆದ್ದವನಿಗೆ ಒಂದು ಅಂಚಿನ ಪಂಚೆ. ಹಿಂದಿನ ವರ್ಷ ಆನವಟ್ಟಿ ಬಸ್ಸಿನ ಡ್ರೈವರ್ ಗೆದ್ದು, ಆ ಪಂಚೆಯನ್ನು ಸ್ಟ್ಯಾಂಡಿಗೆ ಉಟ್ಟುಕೊಂಡು ಬರುತ್ತಿದ್ದ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಸೀಮೆಎಣ್ಣೆ, ತೆಂಗಿನ ನಾರು, ಹಳೇ ಬನಿಯನ್ನು ಹಿಡಿದು ಬೆಳಿಗ್ಗೆಯೇ ಕೂತೆ. ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಎಣ್ಣೆಯ ಜಿಡ್ಡು ಮೇಣದಂತೆ ಗಟ್ಟಿಯಾಗಿತ್ತು. ನಾರು ಒಳಗೆ ಹೋಗಲಿಲ್ಲ. ಬೋಲ್ಟು ಒಂದು ಸುತ್ತು ಸಡಿಲಿಸಿದೆ. ಡಬ್ಬಿ ಮೆತ್ತಗೆ ಕೈಯಲ್ಲಿ ತಿರುಗಿತು. ಒಳಗೆಲ್ಲ ಉಜ್ಜಿದೆ. ಥಳಥಳ ಎನ್ನುವ ಹೊತ್ತಿಗೆ ನೋಡಿದರೆ ಕೆಂಪು ಗೀಟು ಇರಲಿಲ್ಲ. ಬನಿಯನ್ನಿಗೆ ಹತ್ತಿಕೊಂಡು ಬಂದಿತ್ತು.

ಅವತ್ತೇ ಮನೆಗೆ ಎಂಬ ಮಾಲೀಕರ ಮಾತು ನೆನಪಾಯಿತು. ಆದರೆ ಬಣ್ಣ ಹೋದ ಜಾಗದ ಆಸುಪಾಸಿನಲ್ಲಿ, ಲೋಹದ ಮೇಲೆಯೇ, ಉಳಿಯಿಂದ ಹೊಡೆದ ಒಂದು ಗೀಟು ಕಾಣಿಸಿತು. ಜಿಡ್ಡಿನ ಕೆಳಗೆ ಇಷ್ಟು ದಿನ ಮುಚ್ಚಿಹೋಗಿತ್ತು. ಇದೂ ಅರ್ಧ ಡಬ್ಬಿಯ ಮೇಲೆ, ಅರ್ಧ ಎಂಜಿನ್ನಿನ ಮೇಲೆ. ಬಣ್ಣ ಎಂದಾದರೂ ಅಳಿಸೀತು, ಉಳಿಯಿಂದ ಹೊಡೆದದ್ದು ಖಾಯಂ, ಸಾಬರು ಇದರ ಮೇಲೇ ಬಣ್ಣ ಬಳಿದಿರಬೇಕು ಎಂದುಕೊಂಡೆ. ಎರಡು ಅರ್ಧಗಳನ್ನು ಕೂಡಿಸಿ ಬೋಲ್ಟು ಬಿಗಿದೆ. ಸೀಟಿನ ಕೆಳಗೆ ಊರಿನ ಬೋರ್ಡು ಬರೆಯಲೆಂದು ಇಟ್ಟಿದ್ದ ಕೆಂಪು ಬಣ್ಣವಿತ್ತು. ತೆಂಗಿನ ಕಡ್ಡಿ ಅದ್ದಿ, ಉಳಿಯ ಗೀಟಿನ ಮೇಲೇ, ಸಾಬರು ಎಳೆಯುತ್ತಿದ್ದ ಹಾಗೆಯೇ, ತುದಿಗೆ ಸ್ವಲ್ಪ ಬಾಗಿಸಿ ಎಳೆದೆ. ನನ್ನ ಕೈ ಚೆನ್ನಾಗಿತ್ತು. ಅದೇ ಗ್ರಹಚಾರ.

ಆ ಉಳಿಯ ಗೀಟು ಹೆಡ್ಡು ಕೆತ್ತಿಸುವುದಕ್ಕೂ ಮುಂಚಿನದು. ದಪ್ಪ ಹೆಡ್ಡಿನ ಕಾಲದ, ಕಡಿಮೆ ಕಂಪ್ರೆಷನ್ನಿನ ಟೈಮಿಂಗ್. ಸಾಬರೇ ಎಂದೋ ಹೊಡೆದು, ಆಮೇಲೆ ಹೊಸ ಗೀಟನ್ನು ಬೇರೆ ಜಾಗದಲ್ಲಿ ಎಳೆದಿದ್ದರು. ಸಂತೆ ಬಸ್ಸಿನ ಪಾಠ ಕೇಳಿಸಿಕೊಂಡು ತಲೆ ಆಡಿಸಿದ್ದ ನನಗೆ ಅಷ್ಟು ಹೊಳೆಯಬೇಕಿತ್ತು. ಪಂಚೆಯ ಮೇಲೆ ಕಣ್ಣಿಟ್ಟವನಿಗೆ ಏನು ಹೊಳೆಯುತ್ತದೆ!

ಮರುದಿನ ಎಂಜಿನ್ನಿಗೆ ಕುಂಕುಮ, ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಆಯಿತು. ಪಂಚೆ ನನಗೇ ಬಂತು. ಸಾಬರೂ ಬಂದು ಮಂಡಕ್ಕಿ ತಿಂದು, ಎಂಜಿನ್ ಕಡೆ ನೋಡಿ "ಮದ್ವಿ ಗಂಡು ಮಾಡೀಯಲ್ಲ ತಮ್ಮಾ ಇದನ್ನ" ಎಂದು ನನ್ನ ಬೆನ್ನು ತಟ್ಟಿದರು.

ಹಬ್ಬ ಮುಗಿದು ಬಸ್ಸು ಹೊರಟಾಗ ಬಯಲಿನಲ್ಲಿ ಎಂದಿಗಿಂತ ಚುರುಕಾಗಿ ಓಡಿತು. ಪೂಜೆಯ ಫಲ ಎಂದೆ. ಚಂದ್ರಗುತ್ತಿಯ ಏರಿನಲ್ಲಿ ಗೆಜ್ಜೆ ಕೇಳಿತು. ಬ್ಯಾರಲ್ಲಿನ ಪೆಟ್ರೋಲಿಗೆ ಯಾರೋ ಸೀಮೆಎಣ್ಣೆ ಬೆರೆಸಿದ್ದಾರೆ ಎಂದೆ. ಎರಡನೆಯ ವಾರ ಸದ್ದು ಜೋರಾಯಿತು. ನನಗೆ ಒಳಗೊಳಗೇ ಅನುಮಾನ ಹುಟ್ಟಿತ್ತು. ಆದರೂ ಸಾಬರ ಹತ್ತಿರ ಹೋಗಿ "ಏರಿನಲ್ಲಿ ಗೆಜ್ಜೆ ಬರ್ತೈತ್ರೀ" ಎಂದಷ್ಟೇ ಹೇಳಿದೆ. ಡಿಸ್ಟ್ರಿಬ್ಯೂಟರ್ ಸಡಿಲಿಸಿದ್ದನ್ನು ಹೇಳಲಿಲ್ಲ. ಅವರು ನೋಡುತ್ತಾರೆ, ಹೇಗೂ ಸರಿ ಮಾಡುತ್ತಾರೆ, ನನ್ನ ಹೆಸರೇಕೆ ಬರಬೇಕು ಎಂಬ ಲೆಕ್ಕ.

ಮಾರನೆಯ ಬೆಳಿಗ್ಗೆ ಅವರು ಸ್ಟ್ಯಾಂಡಿಗೆ ಬಂದರು. ಬಾನೆಟ್ಟು ಎತ್ತಿ, ಮೊದಲು ನೋಡಿದ್ದು ಗೀಟನ್ನು.

"ಗೀಟು ಕೂಡೈತೆ. ಟೈಮಿಂಗ್ ಇದ್ದಲ್ಲೇ ಐತೆ. ಇದು ಬ್ಯಾರೆ ಏನೋ," ಎಂದರು.

ಪ್ಲಗ್ಗುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಹಾಕಿದರು. ಬ್ಯಾಟರಿ ಇಳಿದಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಿತ್ತು. ಅನುಮಾನವಿರುವ ಎಂಜಿನ್ನನ್ನು ಯಾವ ಮಿಸ್ತ್ರಿಯೂ ಪೂರ್ತಿ ಸುತ್ತುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಅರ್ಧ ಸುತ್ತು ಎಳೆದು ಕೈ ಬಿಡುತ್ತಾರೆ. ಕಿಡಿ ಮುಂಚೆ ಬಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ಕೈ ಮುರಿಯುತ್ತದೆ. ಇದನ್ನು ನನಗೆ ಕಲಿಸಿದವರೇ ಅವರು. ಆದರೆ ಗೀಟು ಕೂಡಿತ್ತು. ತಮ್ಮ ಗೀಟಿನ ಮೇಲೆ ಅವರಿಗೆ ಅನುಮಾನವಿರಲಿಲ್ಲ. ಹ್ಯಾಂಡಲ್ಲಿನ ಮೇಲೆ ಮೈಭಾರ ಬಿಟ್ಟು ಪೂರ್ತಿ ಸುತ್ತಿದರು.

ಎಂಜಿನ್ ಒದೆಯಿತು. ಅವರ ಬಲಗೈ ಮಣಿಕಟ್ಟಿನ ಹತ್ತಿರ ಮುರಿದ ಸದ್ದು ನನಗೆ ಕೇಳಿಸಿತು. ಅವರು ನೆಲದ ಮೇಲೆ ಕೂತು, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಾನೆಟ್ಟಿನ ಕಡೆಗೆ ನೋಡಿದರು.

ಉಳವಿ ಕಡೆಯ ಒಬ್ಬ ನಾಟಿ ವೈದ್ಯರು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಬಸ್ಸು ನಿಲ್ಲಿಸುವಂತಿರಲಿಲ್ಲ. ಮಾಲೀಕರು ಶಿವಮೊಗ್ಗದಿಂದ ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಕೈ ಕಟ್ಟಿಸಿಕೊಂಡ ಸಾಬರು ತಮ್ಮ ಶೆಡ್ಡಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಮಾಲೀಕರು ಪಕ್ಕದಲ್ಲಿ ನಿಂತಿದ್ದರು. ನಾನು ಬೋಲ್ಟು ಬಿಚ್ಚುವ ಪಾನಾಗಳನ್ನು ಆ ಮೆಕ್ಯಾನಿಕ್ಕನ ಕೈಗೆ ಒಂದೊಂದಾಗಿ ಕೊಡುತ್ತಿದ್ದೆ. ಅವನು ಪ್ಲಗ್ಗು ಬಿಚ್ಚಿ, ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ, ಕಿಡಿ ಎಲ್ಲಿ ಬೀಳುತ್ತದೆಂದು ನೋಡಿದ. ಮತ್ತೊಮ್ಮೆ ನೋಡಿದ.

"ಸ್ವಾಮೀ, ಇಷ್ಟು ಮುಂಚೆ ಕಿಡಿ ಇಟ್ಟವರು ಯಾರ್ರೀ? ಈ ಕಂಪ್ರೆಷನ್ನಿಗೆ ಇದು ನಡಿಯೋ ಟೈಮಿಂಗೇ ಅಲ್ಲ. ಕಿವಿ ಕೇಳದೋರು ಇಟ್ಟಂಗಿದೆ."

ಅವನಿಗೆ ಯಾರು ಇಟ್ಟದ್ದೆಂದು ಗೊತ್ತಿರಲಿಲ್ಲ. ಸಾಬರು ಕೂತಲ್ಲಿಂದಲೇ ಕೇಳಿದರು:

"ಕೆಂಪು ಗೀಟು ನೋಡ್ರೀ. ಕೂಡೈತೋ, ಮುರದೈತೋ?"

"ಕೂಡಿದೆ. ಯಾರೂ ಅಲ್ಲಾಡಿಸಿಲ್ಲ."

"ಹಂಗಾರೆ ನಾನೇ ಇಟ್ಟಿದ್ದು," ಎಂದರು ಸಾಬರು. ಮಾಲೀಕರ ಕಡೆ ತಿರುಗಿ, "ತಪ್ಪು ನಂದೇ ಧಣಿ. ಗೆಜ್ಜೆ ಕೇಳಿಲ್ಲ ನಂಗೆ. ಕಿವಿ ಹೋಗೈತೆ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಅಷ್ಟು ಜಾಗರೂಕನಾಗಿದ್ದೆ. ಒಂದು ಮಾತು ಸಾಕಿತ್ತು. ಆರು ವರ್ಷ ಹೊತ್ತ ಟಯರು, ಎರಡು ವರ್ಷ ಕೂತ ಸೀಟು ಕಣ್ಣ ಮುಂದೆ ಬಂದವು. ಹೆದರಿದೆ. ನಾಚಿಕೆ ಅದೇ ದಿನ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಬರಲು ತಿಂಗಳುಗಳು ಹಿಡಿದವು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ನಾನು ಅಂದಿನಿಂದ ಯಾರಿಗೂ ಹೇಳಿಲ್ಲ. ಮಾಡಿದವನು ನಾನು, ಉಂಡವರು ಅವರು.

ಕೈ ಸುಮಾರಾಗಿ ಕೂಡಿತು. ಸಾಬರು ಶೆಡ್ಡು ಮುಚ್ಚಲಿಲ್ಲ. ಪಂಕ್ಚರ್ ಹಾಕುತ್ತಿದ್ದರು, ಬ್ರೇಕು ಕಟ್ಟುತ್ತಿದ್ದರು, ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದರು. ಟೈಮಿಂಗ್ ಎಂದು ಯಾರಾದರೂ ಬಂದರೆ ಮಾತ್ರ "ಅದಕ್ಕೆ ಬ್ಯಾರೆಯವರನ್ನ ಕರೀರಿ, ನಂಗೆ ಕೇಳಂಗಿಲ್ಲ" ಎನ್ನುತ್ತಿದ್ದರು. ಎಂಜಿನ್ನಿನ ಮಾತಷ್ಟೇ ಅಲ್ಲ, ಮನುಷ್ಯರ ಮಾತಿಗೂ ಅವರು ಹಿಂಜರಿಯತೊಡಗಿದರು. ಯಾರು ಏನು ಹೇಳಿದರೂ "ಏನಂದ್ರಿ?" ಎಂದು ಇನ್ನೊಮ್ಮೆ ಹೇಳಿಸುತ್ತಿದ್ದರು. ಮೊದಲ ಸಲವೇ ಕೇಳಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಕೇಳಿದ್ದು ಸರಿಯೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಹೀಗಾಗಿ ಊರಿನವರು ಅವರೊಂದಿಗೆ ಜೋರಾಗಿ ಮಾತಾಡಲು ಶುರು ಮಾಡಿದರು. ನಾನೂ ಜೋರಾಗಿಯೇ ಮಾತಾಡಿದೆ.

ಒಂದೂವರೆ ವರ್ಷ ಕಳೆಯಿತು. ಮಾಲೀಕರು ಹೊಸ ಡೀಸೆಲ್ ಬಸ್ಸು ತಂದರು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಹಳೇ ಬಸ್ಸನ್ನು ಹಾವೇರಿ ಕಡೆಯವರು ಕೊಂಡುಹೋದರು. ಹೊಸ ಬಸ್ಸಿಗೂ ನಾನೇ ಡ್ರೈವರ್ ಎಂದು ಗಟ್ಟಿಯಾದ ವಾರ ಸಾಬರ ಶೆಡ್ಡಿಗೆ ಹೋದೆ. ಧೈರ್ಯ ಬಂತು ಎನ್ನಲಾರೆ. ಹೆದರುವುದಕ್ಕೆ ಕಾರಣ ಉಳಿದಿರಲಿಲ್ಲ, ಅಷ್ಟೇ.

ಅವರು ಸೈಕಲ್ಲಿನ ಟ್ಯೂಬೊಂದನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಪಂಚೆ, ಜಿಡ್ಡು, ಬೋಲ್ಟು, ಉಳಿಯ ಗೀಟು, ತೆಂಗಿನ ಕಡ್ಡಿ. ಒಂದೂ ಬಿಡಲಿಲ್ಲ. ಈ ಸಲ ಮೆಲ್ಲಗೇ ಹೇಳಿದೆ, ಅವರು "ಏನಂದ್ರಿ" ಎನ್ನಲಿಲ್ಲ. ಬೈಯಲಿ, ಬೋಗುಣಿಯ ನೀರು ಮುಖಕ್ಕೆ ಎರಚಲಿ ಎಂದು ಕಾದೆ.

ಅವರು ಟ್ಯೂಬು ಒರೆಸಿ ಪಕ್ಕಕ್ಕಿಟ್ಟರು.

"ನಿನ್ ಮನ್ಸು ಒಳ್ಳೇದು ತಮ್ಮಾ. ಮುದುಕನ್ನ ಸಮಾಧಾನ ಮಾಡಾಕೆ ಬಂದೀಯ. ಆದ್ರೆ ಸುಳ್ಳು ಹೇಳಬ್ಯಾಡ."

"ಸುಳ್ಳಲ್ಲ ಸಾಬ್ರೇ! ದೇವರಾಣೆ. ಗೀಟು ಎಳೆದದ್ದು ನಾನು."

"ನನ್ ಗೀಟು ನಂಗೆ ಗೊತ್ತಾಗಲ್ಲೇನು? ಅವತ್ತು ಹ್ಯಾಂಡಲ್ ಹಾಕೋ ಮುಂಚೆ ಕಣ್ಣಾರೆ ನೋಡೀನಿ. ನಂದೇ ಕೈ. ತುದಿ ಬಾಗಿತ್ತು."

ತುದಿ ಬಾಗಿಸಿದ್ದೂ ನಾನೇ ಎಂದೆ. ಅವರು ನಕ್ಕರು. ಬಸ್ಸು ಇದ್ದಿದ್ದರೆ ಬಾನೆಟ್ಟು ಎತ್ತಿ ಉಳಿಯ ಗೀಟನ್ನು ತೋರಿಸುತ್ತಿದ್ದೆ. ಒಂದೂವರೆ ವರ್ಷ ಅದು ದಿನಾ ಈ ಶೆಡ್ಡಿನ ಮುಂದೆಯೇ ಹಾದುಹೋಗಿತ್ತು. ಆಗ ತೋರಿಸದವನು ಈಗ ಯಾವ ಬಾಯಿಂದ ಹೇಳುವುದು?

ಅಷ್ಟರಲ್ಲಿ ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಕೆರೆ ಏರಿಯ ಕಡೆಗೆ ನೋಡದೆಯೇ, "ಲೋಡ್ ಜಾಸ್ತಿ ಹೇರ್ಯಾರೆ. ಗೆಜ್ಜೆ ಕಟ್ಕೊಂಡು ಬರ್ತೈತೆ" ಎಂದರು. ನನಗೆ ಏನೂ ಕೇಳಿಸಲಿಲ್ಲ. ಕಿವಿಗೊಟ್ಟು ಕೂತೆ. ಎಷ್ಟೋ ಹೊತ್ತಿನ ಮೇಲೆ ದೂರದಲ್ಲಿ ಒಂದು ಲಾರಿ ಕೆರೆ ಏರಿ ಹತ್ತುವ ಸದ್ದು ಬಂತು. ಅದು ಇನ್ನಷ್ಟು ಹತ್ತಿರವಾದ ಮೇಲೆ, ಆ ಸದ್ದಿನೊಳಗೆ ಸಣ್ಣಗೆ, ಕಿಣಿಕಿಣಿ.

ನಾನು ಎದ್ದು ನಿಂತುಬಿಟ್ಟೆ.

"ನೋಡ್ರೀ ಸಾಬ್ರೇ! ನನಗಿಂತ ಮುಂಚೆ ನಿಮಗೆ ಕೇಳ್ತಲ್ರೀ! ನಿಮ್ ಕಿವಿಗೆ ಏನೂ ಆಗಿಲ್ಲ!"

ಲಾರಿ ಶೆಡ್ಡಿನ ಮುಂದೆ ಹಾದುಹೋಯಿತು. ಅವರು ಅದನ್ನು ತಲೆ ಎತ್ತಿಯೂ ನೋಡಲಿಲ್ಲ. ಟ್ಯೂಬನ್ನು ಮತ್ತೆ ಬೋಗುಣಿಯ ನೀರಿಗೆ ಅದ್ದಿದರು.

"ಕೇಳ್ತು ಅಂತ ಅನ್ಸತೈತೆ ತಮ್ಮಾ," ಎಂದರು. "ಅವತ್ತು ಚಂದ್ರಗುತ್ತಿ ಏರಿನಾಗೆ, ಗೆಜ್ಜೆ ನಿಂತು ಅಂತಾನೂ ಅನ್ಸಿತ್ತು."